ಕಾಲುವೆಯ ಕೊನೇ ಹೊಲದಲ್ಲಿ ನಿಂತು ನೋಡಿದರೆ

ಪ್ರಶ್ನೆ: ನಾನು ಮುಧೋಳ ತಾಲ್ಲೂಕಿನವಳು, ಬಿ.ಎ. ಎರಡನೇ ವರ್ಷ ಓದುತ್ತಿದ್ದೇನೆ. ‘ಸುಸ್ಥಿರ ಮತ್ತು ಸಮಾನ ಅಭಿವೃದ್ಧಿಗೆ ಜಾಗತಿಕ ಸಹಕಾರ’ ಅನ್ನುವ ವಿಷಯದ ಮೇಲೆ ಪ್ರಬಂಧ ಬರೆಯಲು ಕಾಲೇಜಿನಲ್ಲಿ ಹೇಳಿದ್ದಾರೆ. ಅದನ್ನು ಅಪ್ಪನಿಗೆ ಹೇಳಿದೆ. ನಮ್ಮದು ಘಟಪ್ರಭಾ ದಂಡೆಯಲ್ಲಿ ನಾಲ್ಕು ಎಕರೆ ಕಬ್ಬು. 2019ರ ಪ್ರವಾಹದಲ್ಲಿ ಬೆಳೆ ಹೋಯಿತು, ಮನೆಯ ಹಿಂದಿನ ಗೋಡೆ ಬಿತ್ತು. ಅಪ್ಪ ಕೇಳಿದರು: ‘ಅವತ್ತ ನೀರ ಬಂದಾಗ ಯಾವ ದೇಶ ಬಂದಿತ್ತವ್ವಾ? ನಮ್ಮ ಓಣಿ ಹುಡುಗ್ರ ಬಂದ್ರು.’ ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಒಪ್ಪಂದಗಳಿಂದ ನಮ್ಮಂಥವರಿಗೆ ನಿಜವಾಗಿ ಏನಾದರೂ ಆಗಿದೆಯಾ? ಶ್ರೀಮಂತ ದೇಶಗಳು ಮಾಡಿದ್ದಕ್ಕೆ ನಾವು ಯಾಕೆ ಕಡಿಮೆ ಮಾಡಿಕೊಳ್ಳಬೇಕು?

ಉತ್ತರ: ತಂಗಿ, ಪ್ರಬಂಧದ ವಿಷಯಕ್ಕಿಂತ ನಿಮ್ಮ ತಂದೆಯವರ ಪ್ರಶ್ನೆ ದೊಡ್ಡದು. ಅವರು ಕೇಳಿದ್ದು ನೂರಕ್ಕೆ ನೂರು ಸರಿ. ನೀರು ಬಂದ ದಿನ ಬಂದವರು ಓಣಿಯ ಹುಡುಗರೇ. ಹಾಗಾದರೆ ದೂರದ ಊರುಗಳಲ್ಲಿ ಕುಳಿತು ಮಾಡುವ ಒಪ್ಪಂದಗಳು ಎಲ್ಲಿ ನಮ್ಮನ್ನು ಮುಟ್ಟಿವೆ, ಎಲ್ಲಿ ಮುಟ್ಟಿಲ್ಲ ಅನ್ನುವುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ.

ನಾನು ಬಾಗಲಕೋಟೆಯಲ್ಲಿ ಬಹಳ ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವನು. ಆದರೂ ಈ ವಿಷಯ ನನ್ನ ತಲೆಗೆ ಸರಿಯಾಗಿ ಇಳಿದದ್ದು ಘಟಪ್ರಭಾ ಎಡದಂಡೆ ಕಾಲುವೆಯ ಮೇಲೆ ನಿಂತಾಗ. ನಿಮ್ಮ ಕಡೆ ಎಲ್ಲರೂ ಜಿ.ಎಲ್.ಬಿ.ಸಿ. ಅನ್ನುತ್ತಾರಲ್ಲ, ಅದೇ. ಹಿಡಕಲ್ ಜಲಾಶಯದ ನೀರು ಗೋಕಾಕ, ಮುಧೋಳ, ಜಮಖಂಡಿ ಕಡೆಯ ಹೊಲಗಳಿಗೆ ಕುಡಿಸಿ ಬೀಳಗಿ ಕಡೆ ಬರುವಷ್ಟರಲ್ಲಿ ಬಡಕಲಾಗಿರುತ್ತದೆ. ಒಂದು ವರ್ಷ ವಿದ್ಯಾರ್ಥಿಗಳನ್ನು ಕರೆದುಕೊಂಡು ಸಮೀಕ್ಷೆಗೆ ಹೋಗಿದ್ದೆ. ರಾತ್ರಿ ಹತ್ತು ಗಂಟೆ. ಕಾಲುವೆಯ ಕೊನೇ ತೂಬಿನ ಹತ್ತಿರ ಒಬ್ಬ ರೈತ ಸಲಿಕೆ ಹಿಡಿದು ಕೂತಿದ್ದ. ಆ ರಾತ್ರಿ ಅವನ ಪಾಳಿ. ಮೂರು ದಿನದಿಂದ ಕಾಯುತ್ತಿದ್ದನಂತೆ. ನೀರು ಬಂತು. ಅವನು ಬಗ್ಗಿ ಅಂಗೈ ಅಡ್ಡ ಇಟ್ಟು ನೋಡಿದ. ನಾಲ್ಕು ಬೆರಳು ಕೂಡ ಮುಳುಗಲಿಲ್ಲ. ಅವನಿಗೆ ಸಿಟ್ಟು ಬರಲಿಲ್ಲ. ಎದ್ದು ಕೈ ಒರೆಸಿಕೊಂಡು ಒಂದು ಮಾತು ಹೇಳಿದ: ‘ಮ್ಯಾಲಿನವ್ರ ಹೊಲ ನೀರ ಜಾಸ್ತಿ ಆಗಿ ಕೆಟ್ಟಾವ್ರಿ. ನಮ್ಮವು ನೀರಿಲ್ದ ಕೆಟ್ಟಾವು.’

ಮರುದಿನ ಮೇಲಿನ ಹೊಲಗಳನ್ನು ನೋಡಿದೆವು. ಎರೆ ಮಣ್ಣಿನ ಮೇಲೆ ಬಿಳಿ ಉಪ್ಪು ಹೆಪ್ಪುಗಟ್ಟಿತ್ತು. ಕಾಲಿಟ್ಟರೆ ಮೇಲೆ ಪುಡಿ, ಕೆಳಗೆ ಕೆಸರು. ಸವಳು-ಜವಳು, ಅಂದರೆ ಉಪ್ಪೇರಿ ನೀರು ನಿಂತು ಕೆಟ್ಟ ನೆಲ, ಹೇಗಿರುತ್ತದೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ವರ್ಷಗಟ್ಟಲೆ ಲೆಕ್ಕವಿಲ್ಲದೆ ನೀರು ಬಿಟ್ಟುಕೊಂಡ ಹೊಲ ಅದು. ಈಗ ಅಲ್ಲಿ ಕಬ್ಬೂ ಇಲ್ಲ, ಜೋಳವೂ ಇಲ್ಲ, ಬರೀ ಜಾಲಿ.

ಈಗ ಇಡೀ ಜಗತ್ತನ್ನೇ ಒಂದು ಕಾಲುವೆ ಅಂತ ಇಟ್ಟುಕೋ. ಕಲ್ಲಿದ್ದಲು, ಎಣ್ಣೆ ಸುಟ್ಟು ಬದುಕು ಕಟ್ಟಿಕೊಂಡ ದೇಶಗಳು ತೂಬಿನ ಬಾಯಲ್ಲಿ ಕೂತಿವೆ. ಇಲ್ಲಿಯತನಕ ಗಾಳಿಗೆ ಸೇರಿದ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲುಭಾಗ ಅಮೆರಿಕ ಒಂದರದ್ದೇ. ಜಗತ್ತಿನ ಆರು ಜನರಲ್ಲಿ ಒಬ್ಬರು ಭಾರತೀಯರು. ಆದರೂ ಆ ಹಳೇ ಲೆಕ್ಕದಲ್ಲಿ ನಮ್ಮ ಪಾಲು ಶೇ. 3ರಿಂದ 4 ಅಷ್ಟೇ. ಈಗಲೂ ಒಬ್ಬ ಅಮೆರಿಕನ್ ವರ್ಷಕ್ಕೆ ಸುಮಾರು 14 ಟನ್ ಹೊಗೆಗೆ ಕಾರಣನಾಗುತ್ತಾನೆ, ಒಬ್ಬ ಭಾರತೀಯ ಸುಮಾರು 2 ಟನ್‌ಗೆ. ಈ ಅನಿಲ ನೂರಾರು ವರ್ಷ ಗಾಳಿಯಲ್ಲೇ ಇರುತ್ತದೆ. ಹಾಗಾಗಿ ಮುತ್ತಜ್ಜನ ಕಾಲದ ಹೊಗೆ ಮರಿಮಕ್ಕಳ ಕಾಲದ ಮಳೆಯನ್ನು ಕೆಡಿಸುತ್ತದೆ. ಕಡಿಮೆ ಸುಟ್ಟವರಿಗೆ ಏಟು ಜಾಸ್ತಿ. ಇದು ಟೇಲ್ ಎಂಡ್, ಅಂದರೆ ಕಾಲುವೆಯ ಕೊನೇ ಹೊಲದ ರೈತನ ಕಥೆಯೇ, ಅಲ್ವಾ?

ಕಾಲುವೆಯ ಮೇಲೆ ಸಹಕಾರ ಅಂದರೆ ಸುಮ್ನೆ ಒಳ್ಳೆಯ ಮನಸ್ಸು ಅಲ್ಲ. ಯಾರು ಎಷ್ಟು ತಗೊಂಡರು ಅನ್ನುವ ಅಳತೆ ಬೇಕು. ಪಾಳಿ ಬೇಕು. ಪಾಳಿ ಮುರಿದವರನ್ನು ಕೇಳುವವರು ಬೇಕು. ಇಷ್ಟು ವರ್ಷ ಜಾಸ್ತಿ ತಗೊಂಡವರು ಕಾಲುವೆ ರಿಪೇರಿಗೆ ಜಾಸ್ತಿ ಕೊಡಬೇಕು. 1992ರಲ್ಲಿ ಬ್ರೆಜಿಲ್‌ನ ರಿಯೊ ನಗರದಲ್ಲಿ ದೇಶಗಳು ಸೇರಿದಾಗ ಇದೇ ಮಾತನ್ನು ಒಪ್ಪಿದವು: ಹೊಣೆ ಎಲ್ಲರದ್ದೂ ಹೌದು, ಆದರೆ ಎಲ್ಲರದ್ದೂ ಒಂದೇ ಸಮ ಅಲ್ಲ. ಅಲ್ಲಿಂದ ಮುಂದೆ ಎಲ್ಲ ಮಾತುಕತೆಗಳೂ ಈ ಒಂದು ಸಾಲಿನ ಮೇಲೇ ಜಗ್ಗಾಡುತ್ತಿವೆ.

ಈಗ ನಿಮ್ಮ ತಂದೆಯವರ ಪ್ರಶ್ನೆಗೆ ಬರುತ್ತೇನೆ. ಅವತ್ತು ಯಾವ ದೇಶ ಬಂತು?

ಪ್ರತಿದಿನ ಬೆಳಗ್ಗೆ 5:30ಕ್ಕೆ ಮತ್ತು ಸಂಜೆ 5:30ಕ್ಕೆ, ನಮ್ಮ ಗಡಿಯಾರದ ಪ್ರಕಾರ, ಜಗತ್ತಿನ ನೂರಾರು ಕಡೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹವಾಮಾನದ ಬಲೂನು ಹಾರಿಸುತ್ತಾರೆ. ಬಲೂನಿಗೆ ಒಂದು ಪುಟ್ಟ ಡಬ್ಬಿ ಕಟ್ಟಿರುತ್ತದೆ. ಅದು ಮೇಲೇರುತ್ತಾ ಗಾಳಿಯ ಬಿಸಿ, ತೇವ, ಒತ್ತಡ ಎಲ್ಲವನ್ನೂ ಕೆಳಗೆ ಹೇಳುತ್ತಾ ಹೋಗುತ್ತದೆ. ಶಾಂತಸಾಗರದಲ್ಲಿ ತೇಲುಯಂತ್ರಗಳು ನೀರಿನ ಬಿಸಿ ಅಳೆಯುತ್ತಿರುತ್ತವೆ. ಈ ಲೆಕ್ಕವನ್ನೆಲ್ಲ ದೇಶಗಳು ಒಬ್ಬರಿಗೊಬ್ಬರು ಹಂಚಿಕೊಳ್ಳುತ್ತವೆ. ಅದನ್ನು ನೋಡಿಕೊಳ್ಳುವುದು 1950ರಲ್ಲಿ ಶುರುವಾದ ವಿಶ್ವ ಹವಾಮಾನ ಸಂಸ್ಥೆ. ಗಡಿಯಲ್ಲಿ ಜಗಳವಾಡುವ ದೇಶಗಳು ಕೂಡ ಮಳೆ-ಗಾಳಿಯ ಲೆಕ್ಕ ಹಂಚಿಕೊಳ್ಳುತ್ತವೆ. ಸಹ್ಯಾದ್ರಿಯಲ್ಲಿ ನಾಳೆ ಎಷ್ಟು ಮಳೆ ಬೀಳಬಹುದು ಅಂತ ನಮ್ಮ ಹವಾಮಾನ ಇಲಾಖೆ ಹೇಳುವುದರ ಹಿಂದೆ ಹೊರದೇಶಗಳ ಬಲೂನು, ಉಪಗ್ರಹಗಳ ಲೆಕ್ಕವೂ ಇದೆ. ನಮ್ಮ ದೇಶದ ಲೆಕ್ಕ ಅವರ ಮುನ್ಸೂಚನೆಯಲ್ಲೂ ಇದೆ. ಕಣ್ಣಿಗೆ ಕಾಣದ ಸಹಕಾರ ಇದು.

ಆದರೆ ಆ ಲೆಕ್ಕ ನಿಮ್ಮ ಗೋಡೆಯನ್ನು ಉಳಿಸಲಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿದವು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಮಲಪ್ರಭೆಯ ನೀರು ನುಗ್ಗಿತ್ತು. ಆಕಾಶದ ಲೆಕ್ಕ ಗೊತ್ತಾದರೆ ಸಾಲದು. ಮೇಲಿನ ಆಣೆಕಟ್ಟಿನಿಂದ ಎಷ್ಟು ನೀರು ಯಾವಾಗ ಬಿಡುತ್ತಾರೆ, ಅದು ನಮ್ಮೂರಿಗೆ ಎಷ್ಟು ಗಂಟೆಗೆ ಮುಟ್ಟುತ್ತದೆ, ಯಾವ ಓಣಿಯವರು ಮೊದಲು ಏಳಬೇಕು ಅನ್ನುವುದು ಊರಿಗೆ ಮುಟ್ಟಬೇಕು. ಒಡಿಶಾದಲ್ಲಿ 1999ರ ಚಂಡಮಾರುತಕ್ಕೆ ಸುಮಾರು 10,000 ಜನ ಸತ್ತರು. 2013ರಲ್ಲಿ ಫೈಲಿನ್ ಅನ್ನುವ ಭಾರೀ ಚಂಡಮಾರುತ ಬಂದಾಗ ಲಕ್ಷಾಂತರ ಜನರನ್ನು ಮೊದಲೇ ಸಾಗಿಸಿದ್ದರು, ಸತ್ತವರು ನೂರರೊಳಗೆ. ನಡುವೆ ಆದದ್ದೇನು? ಮುನ್ಸೂಚನೆ ಸುಧಾರಿಸಿತು, ಅದರ ಜೊತೆಗೆ ಊರೂರಿನಲ್ಲಿ ಆಶ್ರಯ ಕಟ್ಟಡ ಬಂತು, ಓಡಾಡುವ ಹುಡುಗರಿಗೆ ತರಬೇತಿ ಸಿಕ್ಕಿತು. ವಿಶ್ವಬ್ಯಾಂಕ್ ಸಾಲವೂ ಅದರಲ್ಲಿ ಇತ್ತು, ಒಡಿಶಾ ಸರಕಾರದ ಹಟವೂ ಇತ್ತು. ನಿಮ್ಮ ಓಣಿಯ ಹುಡುಗರು ಮತ್ತು ಆ ಬಲೂನು ಇಬ್ಬರೂ ಸೇರಿದರೆ ಜೀವ ಉಳಿಯುತ್ತದೆ. ಒಂದೇ ಇದ್ದರೆ ಅರ್ಧ ಕೆಲಸ.

ಒಪ್ಪಂದ ಪೂರ್ತಿ ಗೆದ್ದ ಒಂದು ಉದಾಹರಣೆಯನ್ನು ನಿನ್ನ ಪ್ರಬಂಧದಲ್ಲಿ ತಪ್ಪದೆ ಬರಿ. 1985ರಲ್ಲಿ ದಕ್ಷಿಣ ಧ್ರುವದ ಮೇಲೆ, ಬಿಸಿಲಿನ ಕೆಟ್ಟ ಕಿರಣಗಳನ್ನು ತಡೆಯುವ ಓಝೋನ್ ಪದರ ತೆಳುವಾಗಿರುವುದನ್ನು ಬ್ರಿಟಿಷ್ ವಿಜ್ಞಾನಿಗಳು ಕಂಡರು. ಫ್ರಿಜ್, ಸ್ಪ್ರೇ ಡಬ್ಬಿಗಳಲ್ಲಿದ್ದ ಅನಿಲ ಕಾರಣ. ಎರಡೇ ವರ್ಷಕ್ಕೆ, 1987ರ ಸೆಪ್ಟೆಂಬರ್ 16ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಒಪ್ಪಂದವಾಯಿತು. ಭಾರತ ಮತ್ತು ಚೀನಾ ಮೊದಲಿಗೆ ಸೇರಲಿಲ್ಲ. ಫ್ರಿಜ್ಜನ್ನೇ ಕಾಣದ ಜನ ಫ್ರಿಜ್ಜಿನ ಪಾಪಕ್ಕೆ ಯಾಕೆ ದುಡ್ಡು ಕೊಡಬೇಕು ಅನ್ನುವುದು ನಮ್ಮ ವಾದ. ನೀನು ಕೇಳಿದ್ದೂ ಅದೇ ಪ್ರಶ್ನೆ. 1990ರಲ್ಲಿ ಲಂಡನ್‌ನಲ್ಲಿ ಮತ್ತೆ ಕೂತರು. ಶ್ರೀಮಂತ ದೇಶಗಳು ಹಣ ಹಾಕುವ ಒಂದು ನಿಧಿ ಆಯಿತು. ಬಡ ದೇಶಗಳಿಗೆ ಹತ್ತು ವರ್ಷ ಹೆಚ್ಚಿನ ಸಮಯ 1987ರ ಒಪ್ಪಂದದಲ್ಲೇ ಇತ್ತು. ಆಮೇಲೆ 1992ರಲ್ಲಿ ಭಾರತ ಸೇರಿತು. ಇವತ್ತು ಜಗತ್ತಿನ ಎಲ್ಲ ದೇಶಗಳೂ ಆ ಒಪ್ಪಂದದಲ್ಲಿವೆ. ಆ ಅನಿಲಗಳ ಬಳಕೆ ಶೇ. 99ರಷ್ಟು ನಿಂತಿದೆ. ಹೀಗೇ ನಡೆದರೆ ಧ್ರುವಗಳನ್ನು ಬಿಟ್ಟು ಉಳಿದೆಡೆ 2040ರ ಹೊತ್ತಿಗೆ ಓಝೋನ್ ಪದರ 1980ರಲ್ಲಿ ಇದ್ದ ಹಾಗೆ ಆಗುತ್ತದೆ ಅಂತ ವಿಜ್ಞಾನಿಗಳ ಅಂದಾಜು. ಅಳತೆ ಇತ್ತು, ಪಾಳಿ ಇತ್ತು, ಜಾಸ್ತಿ ತಗೊಂಡವರು ಜಾಸ್ತಿ ಕೊಟ್ಟರು. ಬಿಸಿಲಲ್ಲಿ ದಿನವಿಡೀ ಕಬ್ಬು ಕಡಿಯುವವರ ಮೈ ಚರ್ಮಕ್ಕೂ ಈ ಒಪ್ಪಂದಕ್ಕೂ ನೇರ ಸಂಬಂಧ ಇದೆ.

ಹವಾಮಾನದ ವಿಷಯದಲ್ಲಿ ಅದು ಆಗಲಿಲ್ಲ, ಯಾಕೆಂದರೆ ಹಣದ ಮಾತು ಹಾಗೇ ಉಳಿಯಿತು. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಶ್ರೀಮಂತ ದೇಶಗಳು 2020ರ ಹೊತ್ತಿಗೆ ಬಡ ದೇಶಗಳಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುವುದಾಗಿ ಮಾತು ಕೊಟ್ಟವು. ಆ ಮೊತ್ತ ಮುಟ್ಟಿದ್ದು ಎರಡು ವರ್ಷ ತಡವಾಗಿ, 2022ರಲ್ಲಿ. ಅದರಲ್ಲೂ ಹೆಚ್ಚಿನ ಪಾಲು ಸಾಲ. ನೆರೆ ಬಂದು ಮನೆ ಬಿದ್ದವನಿಗೆ ಬಡ್ಡಿಗೆ ಹಣ ಕೊಟ್ಟು ಸಹಾಯ ಮಾಡಿದೆ ಅಂದಂತೆ. 2024ರಲ್ಲಿ ಅಜರ್‌ಬೈಜಾನಿನ ಬಾಕುವಿನ ಹವಾಮಾನ ಸಭೆಯಲ್ಲಿ ಬಡ ದೇಶಗಳು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್ ಬೇಕು ಅಂದವು. ಶ್ರೀಮಂತ ದೇಶಗಳು ಮುಂದೆ ನಿಂತು ಒದಗಿಸುತ್ತೇವೆ ಅಂದದ್ದು 30,000 ಕೋಟಿ ಡಾಲರ್, ಅದೂ 2035ರ ಹೊತ್ತಿಗೆ. ಭಾರತದ ಪ್ರತಿನಿಧಿ ಅದೇ ಸಭೆಯಲ್ಲಿ ಎದ್ದು ಇದು ಸಾಲದು ಅಂತ ಖಂಡಿಸಿದರು. ಅದು ಸರಿಯಾದ ಸಿಟ್ಟು.

ನಿಮ್ಮ ಮನೆಯ ಗೋಡೆಗೆ ಸಂಬಂಧಪಟ್ಟದ್ದು ಇನ್ನೊಂದು ಇದೆ. ಸಮುದ್ರದ ನಡುವಿನ ಸಣ್ಣ ದ್ವೀಪ ದೇಶಗಳು 1991ರಿಂದಲೇ ಕೇಳುತ್ತಿದ್ದವು: ನಿಮ್ಮ ಹೊಗೆಯಿಂದ ನಮಗಾದ ನಷ್ಟಕ್ಕೆ ಪರಿಹಾರ ಯಾರು ಕೊಡುತ್ತಾರೆ? ಮೂವತ್ತು ವರ್ಷ ಅವರ ಮಾತನ್ನು ಪಕ್ಕಕ್ಕಿಟ್ಟರು. 2022ರಲ್ಲಿ ಈಜಿಪ್ತಿನ ಸಭೆಯಲ್ಲಿ ಕೊನೆಗೂ ನಷ್ಟ ಪರಿಹಾರದ ನಿಧಿಗೆ ಒಪ್ಪಿದರು. 2023ರಲ್ಲಿ ದುಬೈ ಸಭೆಯಲ್ಲಿ ಅದಕ್ಕೆ ಬಂದ ವಾಗ್ದಾನ ಸುಮಾರು 70 ಕೋಟಿ ಡಾಲರ್. ಜಗತ್ತಿನ ನಷ್ಟದ ಮುಂದೆ ಇದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆದರೂ ನಾನು ಇದನ್ನು ಸಣ್ಣದು ಅನ್ನುವುದಿಲ್ಲ. ‘ನಷ್ಟಕ್ಕೆ ನಾವೂ ಹೊಣೆ’ ಅನ್ನುವ ಕಡೆಗೆ ಒಂದು ಹೆಜ್ಜೆ ಇಡಿಸಲು ಮೂವತ್ತು ವರ್ಷ ಬೇಕಾಯಿತು. ಜಗತ್ತಿನ ಟೇಲ್ ಎಂಡ್‌ನವರು ಪಟ್ಟು ಬಿಡದೆ ಕೂತದ್ದರಿಂದ ಅದು ಆಯಿತು.

ಸಹಕಾರ ಅಂದರೆ ಬರೀ ಸರಕಾರಗಳ ಕೈಕುಲುಕು ಅಂತಲೂ ತಿಳಿಯಬೇಡ. ನಮ್ಮ ಮನೆ ಹಳೇ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿ ಹಿನ್ನೀರಿಗೆ ಹೋಯಿತು. ಬಿಡುವ ದಿನ ಅಪ್ಪ ಬಾಗಿಲ ಚೌಕಟ್ಟನ್ನು ತಾವೇ ಬಿಚ್ಚಿದರು, ಸಾಗವಾನಿ ಕಟ್ಟಿಗೆಯದು. ನವನಗರದ ಮನೆಗೆ ಅದು ಕೂರಲಿಲ್ಲ, ಎರಡು ಬೆರಳು ಎತ್ತರ ಜಾಸ್ತಿ ಇತ್ತು. ಅಪ್ಪ ಗೋಡೆ ಒಡೆಸಿ ಕೂರಿಸಿದರು. ಚೌಕಟ್ಟನ್ನು ಕೊಯ್ಯಲು ಅವರಿಗೆ ಮನಸ್ಸು ಬರಲಿಲ್ಲ. ಈಗಲೂ ನಾನು ಒಳಗೆ-ಹೊರಗೆ ಓಡಾಡುವುದು ಅದೇ ಚೌಕಟ್ಟಿನಲ್ಲಿ.

ಕೃಷ್ಣಾ ಮೇಲ್ದಂಡೆ ಯೋಜನೆಗೆ ವಿಶ್ವಬ್ಯಾಂಕ್ ಸಾಲ ಕೊಟ್ಟಿತ್ತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲು ಹಾಕಿದ ಮೇಲೆ ಕೆಲಸ ಕುಂಟುತ್ತಾ ನಡೆದಾಗ ಆ ಸಾಲ ಬಲ ಕೊಟ್ಟಿತು. ಆದರೆ 1990ರ ದಶಕದಲ್ಲಿ ಅದೇ ಬ್ಯಾಂಕ್ ಹಣ ತಡೆಹಿಡಿಯಿತು. ಕಾರಣ, ಮುಳುಗಡೆಯಾಗುವ ಜನರ ಪುನರ್ವಸತಿ ಸರಿಯಾಗಿ ಆಗುತ್ತಿಲ್ಲ ಅನ್ನುವುದು. ಸಾಲ ಕೊಡುವ ಬ್ಯಾಂಕಿಗೆ ಈ ಎಚ್ಚರ ಎಲ್ಲಿಂದ ಬಂತು? ಅದರ ಹಿಂದೆ ಆಣೆಕಟ್ಟಿನ ವಿರುದ್ಧ ನರ್ಮದಾ ಕಣಿವೆಯ ಜನ ಮಾಡಿದ ಹೋರಾಟ ಇದೆ. ಅಮೆರಿಕ, ಯುರೋಪು, ಜಪಾನ್‌ನ ಸಾಮಾನ್ಯ ಜನರೂ ತಮ್ಮ ತಮ್ಮ ಸರಕಾರಗಳನ್ನು ಆ ವಿಷಯದಲ್ಲಿ ಪ್ರಶ್ನೆ ಮಾಡಿದರು. 1993ರಲ್ಲಿ ವಿಶ್ವಬ್ಯಾಂಕ್ ತನ್ನ ಮೇಲೇ ದೂರು ಕೇಳುವ ಒಂದು ತನಿಖಾ ಸಮಿತಿ ಮಾಡಬೇಕಾಯಿತು. ಅಂದರೆ ನರ್ಮದೆಯ ದಂಡೆಯಲ್ಲಿ ಕೂತ ಆದಿವಾಸಿ ಹೆಣ್ಣುಮಗಳ ದನಿ ವಾಷಿಂಗ್ಟನ್‌ಗೆ ಹೋಯಿತು. ಅಂಥ ದನಿಗಳಿಂದ ಹುಟ್ಟಿದ ಎಚ್ಚರ ಕೃಷ್ಣೆಯ ದಂಡೆಯವರ ಪರವಾಗಿಯೂ ಕೆಲಸ ಮಾಡಿತು. ಎಲ್ಲರಿಗೂ ನ್ಯಾಯ ಸಿಕ್ಕಿತು ಅಂತ ನಾನು ಹೇಳಲಾರೆ. ಮುಳುಗಡೆಯ ಊರುಗಳ ಸಂಕಟ ನಮ್ಮ ಜಿಲ್ಲೆಯಲ್ಲಿ ಇನ್ನೂ ಮುಗಿದಿಲ್ಲ.

ಇನ್ನು ನಮಗೆ ಎದುರು ನಿಲ್ಲುವ ಒಪ್ಪಂದದ ಮಾತನ್ನೂ ಹೇಳಬೇಕು. ನಿಮ್ಮದು ಕಬ್ಬಿನ ಮನೆ. 2019ರಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ದೇಶಗಳು ಭಾರತದ ಮೇಲೆ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. ಭಾರತ ಕಬ್ಬಿಗೆ ಕೊಡುವ ಬೆಂಬಲ ಮಿತಿ ಮೀರಿದೆ, ಅದರಿಂದ ಜಗತ್ತಿನಲ್ಲಿ ಸಕ್ಕರೆ ಬೆಲೆ ಬೀಳುತ್ತದೆ ಅಂತ ಅವರ ವಾದ. ನಿಯಮದ ಪ್ರಕಾರ ಆ ಬೆಂಬಲ ಬೆಳೆಯ ಒಟ್ಟು ಮೌಲ್ಯದ ಶೇ. 10 ದಾಟಬಾರದು. ನಮ್ಮ ಎಫ್‌ಆರ್‌ಪಿಯನ್ನೂ, ಅಂದರೆ ಕಬ್ಬಿಗೆ ಸರಕಾರ ನಿಗದಿ ಮಾಡುವ ಕನಿಷ್ಠ ಬೆಲೆಯನ್ನೂ, ಅವರು ಆ ಲೆಕ್ಕಕ್ಕೆ ಸೇರಿಸಿದರು. ಭಾರತ ಹೇಳಿತು: ಆ ಹಣ ಸರಕಾರ ಕೊಡುವುದಲ್ಲ, ಕಾರ್ಖಾನೆ ಕೊಡುವುದು. ಆದರೂ 2021ರ ಡಿಸೆಂಬರ್‌ನಲ್ಲಿ ತೀರ್ಪು ನಮ್ಮ ವಿರುದ್ಧ ಬಂತು. ಆಮೇಲೆ ಭಾರತ ಮೇಲ್ಮನವಿ ಹಾಕಿತು. ಮೇಲ್ಮನವಿ ಕೇಳುವ ಪೀಠ 2019ರ ಡಿಸೆಂಬರ್‌ನಿಂದ ನಡೆಯುತ್ತಿಲ್ಲ. ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಒಪ್ಪದೆ ಇದ್ದದ್ದರಿಂದ ಪೀಠವೇ ಖಾಲಿಯಾಯಿತು. ಹಾಗಾಗಿ ಪ್ರಕರಣ ಅಲ್ಲೇ ನಿಂತಿತು.

ಕೆಲವರು ಇದನ್ನು ನಮ್ಮ ಗೆಲುವು ಅನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕೇಳುವವರೇ ಇಲ್ಲದ ಕಾಲುವೆಯಲ್ಲಿ ಇವತ್ತು ನಮಗೆ ಅನುಕೂಲ ಆಗಬಹುದು, ನಾಳೆ ಬಲ ಇದ್ದವನೇ ತೂಬು ಎತ್ತುತ್ತಾನೆ. ನಿಯಮ ಅನ್ಯಾಯವಾಗಿದ್ದರೆ ನಿಯಮ ಬದಲಿಸಲು ಹೋರಾಡಬೇಕು. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬಿನ ರೈತರು ಹಗಲು-ರಾತ್ರಿ ಕೂತಾಗ ಅವರು ಕೇಳಿದ್ದು ಟನ್ನಿಗೆ 3,500 ರೂಪಾಯಿ. ಕೊನೆಗೆ 3,300ಕ್ಕೆ ಒಪ್ಪಂದವಾಯಿತು. ಒಂದು ಟನ್ ಕಬ್ಬಿನ ಖರ್ಚು ಎಷ್ಟು ಅನ್ನುವ ಲೆಕ್ಕ ಅವರ ಬೆರಳ ತುದಿಯಲ್ಲಿತ್ತು. ನಾಲ್ಕು ಎಕರೆಯ ರೈತನನ್ನೂ ಬ್ರೆಜಿಲ್‌ನ ಸಾವಿರಾರು ಎಕರೆಯ ತೋಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ನಿಯಮದ ಮುಂದೆ ಹೇಳಬೇಕಾದ ಲೆಕ್ಕ ಅದೇ. ಜಿನೀವಾದ ವ್ಯಾಪಾರ ಸಂಸ್ಥೆಯಲ್ಲಿ ವಾದ ಮಾಡುವ ನಮ್ಮವರು ಒಮ್ಮೆ ಗುರ್ಲಾಪುರ ಕ್ರಾಸ್‌ಗೆ ಬಂದು ಕೂರಬೇಕು ಅಂತ ನನಗೆ ನಿಜವಾಗಿಯೂ ಅನ್ನಿಸುತ್ತದೆ.

ಒಂದು ಹೊಲ ತೋರಿಸುತ್ತೇನೆ, ಬಾ. ವಿಜಯಪುರದ ತಿಕೋಟಾ ಕಡೆಯ ದ್ರಾಕ್ಷಿ ತೋಟ. ಬಳ್ಳಿಯ ಬುಡ ನೋಡು. ನೆಲದಿಂದ ಸ್ವಲ್ಪ ಮೇಲೆ ಒಂದು ಗಂಟು ಇರುತ್ತದೆ. ಗಂಟಿನ ಮೇಲಿನದು ಥಾಮ್ಸನ್ ಸೀಡ್‌ಲೆಸ್, ಪಶ್ಚಿಮ ಏಷ್ಯಾದಿಂದ ಹೊರಟು ಜಗತ್ತು ಸುತ್ತಿದ ತಳಿ. ಗಂಟಿನ ಕೆಳಗಿನದು ಡಾಗ್‌ರಿಡ್ಜ್, ಅಮೆರಿಕದ ಟೆಕ್ಸಾಸ್‌ನ ಕಾಡುಬಳ್ಳಿ. ಉಪ್ಪು ನೀರು, ಬರ ಎರಡನ್ನೂ ತಡೆದುಕೊಳ್ಳುತ್ತದೆ ಅಂತ ನಮ್ಮವರು ಅದರ ಬೇರಿಗೆ ಕಸಿ ಕಟ್ಟಿದರು. ಬುಡಕ್ಕೆ ತೊಟ್ಟಿಕ್ಕುವ ಹನಿ ನೀರಾವರಿಯನ್ನು ಈಗಿನ ರೂಪಕ್ಕೆ ತಂದವರು ಇಸ್ರೇಲಿನವರು. ಗೊನೆ ಕಡಿದ ಮೇಲೆ ಶೆಡ್ಡಿನ ಹತ್ತಿರ ಡಿಪ್ಪಿಂಗ್ ಎಣ್ಣೆಯ ನೀರಿನಲ್ಲಿ ಅದ್ದಿ, ಬಲೆಯ ಮೇಲೆ ಹರಡಿ ಒಣಗಿಸುತ್ತಾರಲ್ಲ, ಆ ಕ್ರಮ ಆಸ್ಟ್ರೇಲಿಯಾದ್ದು. ಅದ್ದದೆ ಒಣಗಿಸಿದರೆ ಮೂರು ವಾರವೂ ಹಿಡಿಯಬಹುದು, ಬಣ್ಣವೂ ಕಪ್ಪಾಗುತ್ತದೆ. ಅದ್ದಿದರೆ ಎರಡು ವಾರದೊಳಗೆ ಒಣಗಿ ಹಸಿರು-ಹಳದಿ ಬಣ್ಣ ಉಳಿಯುತ್ತದೆ. ಇಷ್ಟು ದೇಶ ಸೇರಿ ಆದದ್ದು ಒಂದು ಹಿಡಿ ಒಣದ್ರಾಕ್ಷಿ. ಬೆವರು ಮಾತ್ರ ಪೂರ್ತಿ ತಿಕೋಟಾದವರದ್ದು.

ನಮ್ಮ ರೊಟ್ಟಿಯ ಜೋಳ ಕೂಡ ಆಫ್ರಿಕಾದಲ್ಲಿ ಹುಟ್ಟಿದ್ದು. ಸಾವಿರಾರು ವರ್ಷದ ಹಿಂದೆ ಬಂದು ನಮ್ಮದೇ ಆಯಿತು. ನಾವು ಕೊಟ್ಟದ್ದೂ ಕಡಿಮೆ ಏನಿಲ್ಲ. ಕೊಯಮತ್ತೂರಿನ ಕಬ್ಬು ತಳಿ ಸಂಶೋಧನಾ ಸಂಸ್ಥೆಯ ‘ಕೊ’ ತಳಿಗಳು ಹಲವು ದೇಶಗಳ ಹೊಲ ಸೇರಿವೆ. ನಿಮ್ಮ ಹೊಲದಲ್ಲೂ 86032 ಇರಬಹುದು, ಅದೂ ಅಲ್ಲಿಯದೇ. ವಿಜಯಪುರದ ಸುರಂಗ ಬಾವಿಗಳನ್ನು ನೋಡಿದ್ದೀಯಾ? ನೆಲದೊಳಗೆ ಸುರಂಗ ಕೊರೆದು ತೊರವಿಯಿಂದ ಊರಿಗೆ ನೀರು ತಂದ ಆದಿಲ್‌ಶಾಹಿ ಕಾಲದ ವಿದ್ಯೆ ಪರ್ಷಿಯಾದ ಕಡೆಯಿಂದ ಬಂದದ್ದು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಆಚರಿಸಿತು, ಅದು ಭಾರತದ ಪ್ರಸ್ತಾಪ. ಅದೇ ವರ್ಷ ಶಾಂತಸಾಗರ ಬಿಸಿಯಾಗಿ ನಮ್ಮ ಮಳೆ ಕೆಡಿಸುವ ಎಲ್ ನಿನೊ ಬಂದು ನಮ್ಮ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಅಂತ ಘೋಷಣೆಯಾದವು. ಅಂಥ ವರ್ಷದಲ್ಲಿ ಕಬ್ಬಿಗಿಂತ ತೀರಾ ಕಡಿಮೆ ನೀರಲ್ಲಿ ಬರುವ ಜೋಳದ ಬೆಲೆ ಏನು ಅಂತ ನಿಮ್ಮಜ್ಜಿಯನ್ನು ಕೇಳು.

ತಂತ್ರಜ್ಞಾನ ಬಂದ ಮಾತ್ರಕ್ಕೆ ಕೆಲಸ ಆಗುವುದಿಲ್ಲ ಅನ್ನುವುದನ್ನೂ ನಮ್ಮ ಜಿಲ್ಲೆಯೇ ಕಲಿಸಿದೆ. ಹುನಗುಂದ ತಾಲ್ಲೂಕಿನ ರಾಮಥಾಳದಲ್ಲಿ 24,000 ಹೆಕ್ಟೇರಿಗೆ ಹನಿ ನೀರಾವರಿ ಮಾಡಿದರು. ಏಷ್ಯಾದಲ್ಲೇ ದೊಡ್ಡದು ಅಂತ ಹೆಸರಾಯಿತು. ಆದರೆ ಎಷ್ಟೋ ಹೊಲಗಳಲ್ಲಿ ಪೈಪು ಬಳಕೆಯಾಗದೆ ಬಿದ್ದಿವೆ. ಯಾವ ಬೆಳೆ, ಯಾರ ಪಾಳಿ, ರಿಪೇರಿ ಯಾರದು ಅನ್ನುವುದನ್ನು ರೈತರ ಜೊತೆ ಕೂತು ಮೊದಲು ತೀರ್ಮಾನಿಸದಿದ್ದರೆ ಎಷ್ಟು ಒಳ್ಳೆಯ ಪೈಪಾದರೂ ಅಷ್ಟೇ.

ಇನ್ನು ನಿನ್ನ ಕೊನೇ ಪ್ರಶ್ನೆ. ನಾವು ಯಾಕೆ ಕಡಿಮೆ ಮಾಡಿಕೊಳ್ಳಬೇಕು?

ಬದುಕನ್ನು ಕಡಿಮೆ ಮಾಡಿಕೊಳ್ಳಬೇಕಾಗಿಲ್ಲ. ಇದನ್ನು ಗಟ್ಟಿಯಾಗಿ ಹೇಳು. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಇದೆ. ಅದರ ಕರೆಂಟು ಬೇಡ ಅನ್ನುವ ಸ್ಥಿತಿಯಲ್ಲಿ ನಾವಿಲ್ಲ. 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಭೆಯಲ್ಲಿ ಕಲ್ಲಿದ್ದಲನ್ನು ಪೂರ್ತಿ ನಿಲ್ಲಿಸುವ ಬದಲು ಹಂತಹಂತವಾಗಿ ಇಳಿಸೋಣ ಅಂತ ಭಾರತ ಪಟ್ಟು ಹಿಡಿದದ್ದು ಇದಕ್ಕೇ. ಅದೇ ಭಾರತ ಫ್ರಾನ್ಸ್ ಜೊತೆ ಸೇರಿ 2015ರಲ್ಲಿ ಅಂತರರಾಷ್ಟ್ರೀಯ ಸೌರ ಒಕ್ಕೂಟ ಕಟ್ಟಿತು. 2025ರ ಹೊತ್ತಿಗೆ ನಮ್ಮ ಒಟ್ಟು ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಕಲ್ಲಿದ್ದಲು-ಎಣ್ಣೆ-ಅನಿಲ ಬಿಟ್ಟ ಮೂಲಗಳದ್ದಾಗಿದೆ. ಗುರಿ ಇದ್ದದ್ದು 2030ಕ್ಕೆ.

ಆದರೆ ಒಂದು ಕಹಿ ಮಾತನ್ನೂ ಮುಚ್ಚಿಡಬಾರದು. ತಲಾ ಲೆಕ್ಕದಲ್ಲಿ ನಾವು ಜಗತ್ತಿನ ಸರಾಸರಿಗಿಂತ ಕೆಳಗಿದ್ದರೂ ಒಟ್ಟು ಹೊಗೆಯ ಲೆಕ್ಕದಲ್ಲಿ ಈಗ ಚೀನಾ, ಅಮೆರಿಕದ ನಂತರ ಮೂರನೆಯವರು ನಾವೇ. ಮಾಲ್ಡೀವ್ಸ್‌ನವರಿಗೆ, ಆಫ್ರಿಕಾದ ಬಡ ದೇಶಗಳಿಗೆ ನಾವೂ ಮೇಲಿನ ಹೊಲದವರ ಹಾಗೆ ಕಾಣುತ್ತೇವೆ. ನಮ್ಮ ದೇಶದೊಳಗೂ ದೊಡ್ಡ ನಗರದ ಏಸಿ ಮನೆಗೂ ಬೀಳಗಿ ತಾಂಡಾದ ಗುಡಿಸಲಿಗೂ ಒಂದೇ ಎರಡು ಟನ್ ಅಲ್ಲ. ಸಮಾನತೆ ಅನ್ನುವ ಪದವನ್ನು ಹೊರಗಿನವರ ಕಡೆಗೆ ಮಾತ್ರ ತಿರುಗಿಸಿದರೆ ಅದಕ್ಕೆ ಬೆಲೆ ಇರುವುದಿಲ್ಲ. ಸುಗ್ಗಿಯಲ್ಲಿ ನಿಮ್ಮ ಹೊಲಕ್ಕೆ ಕಬ್ಬು ಕಡಿಯುವ ಗ್ಯಾಂಗ್ ಬರುತ್ತದಲ್ಲ, ಅವರ ಮಕ್ಕಳು ಆ ಆರು ತಿಂಗಳು ಶಾಲೆಗೆ ಹೋಗುತ್ತಾರಾ? ಮೇಲಿನ ಹೊಲದ ನಿಮ್ಮ ಪಾಳಿ ಮುಗಿದ ಮೇಲೂ ತೂಬು ತೆರೆದೇ ಇರುತ್ತದಾ? ಕೋಪ ಮಾಡಿಕೊಳ್ಳಬೇಡ. ಈ ಪ್ರಶ್ನೆಯನ್ನು ನಾನು ನನ್ನ ತಮ್ಮನ ಹೊಲದ ಬದುವಿನ ಮೇಲೆ ನಿಂತೂ ಕೇಳಿದ್ದೇನೆ.

2015ರ ಸೆಪ್ಟೆಂಬರ್‌ನಲ್ಲಿ 193 ದೇಶಗಳು ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳ ಪಟ್ಟಿ ನಿನ್ನ ಪಠ್ಯದಲ್ಲೇ ಇರುತ್ತದೆ, ಅದನ್ನು ಪೂರ್ತಿ ಇಳಿಸಬೇಡ. ಒಂದು ಅಂಕಿ ಸಾಕು: ಆ ಗುರಿಗಳ ಕೆಳಗೆ ಅಳೆಯಲಾದ ಉಪಗುರಿಗಳಲ್ಲಿ ಶೇ. 17 ಮಾತ್ರ ಸರಿಯಾದ ದಾರಿಯಲ್ಲಿವೆ ಅಂತ ವಿಶ್ವಸಂಸ್ಥೆಯೇ 2024ರ ವರದಿಯಲ್ಲಿ ಹೇಳಿದೆ. ಗಡುವು 2030. ಅಮೆರಿಕದಂಥ ದೇಶ ಪ್ಯಾರಿಸ್ ಹವಾಮಾನ ಒಪ್ಪಂದದಿಂದ ಹೊರಬರುವುದಾಗಿ 2025ರ ಜನವರಿಯಲ್ಲಿ ಎರಡನೇ ಸಲ ಘೋಷಿಸಿತು. ಇದನ್ನೆಲ್ಲ ನೋಡಿ ನಿರಾಸೆ ಆಗುವುದು ಸಹಜ. ನನಗೂ ಆಗಿದೆ. ಆಗೆಲ್ಲ ನಾನು ಕಣಗಿನಹಾಳವನ್ನು ನೆನಪು ಮಾಡಿಕೊಳ್ಳುತ್ತೇನೆ. ನಮ್ಮಿಂದ ದೂರವೇನಲ್ಲ, ಗದಗ ಜಿಲ್ಲೆ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಒಂದು ಸಹಕಾರ ಸಂಘ ಕಟ್ಟಿದರು. ಸಾಲ ಕೊಟ್ಟವರ ಬಡ್ಡಿಯಿಂದ ಬಳಲಿದ ರೈತರು ಚೂರು-ಪಾರು ಹಣ ಸೇರಿಸಿ ಶುರು ಮಾಡಿದ ಸಂಘ ಅದು. ಏಷ್ಯಾದ ಮೊದಲ ಸಹಕಾರ ಸಂಘ ಅಂತ ಅದಕ್ಕೆ ಹೆಸರು. ವಿಶ್ವಸಂಸ್ಥೆ 2025ನ್ನು ಅಂತರರಾಷ್ಟ್ರೀಯ ಸಹಕಾರ ವರ್ಷ ಅಂತ ಆಚರಿಸಿತು. ಜಗತ್ತು ಈಗ ಕಲಿಯಬೇಕು ಅನ್ನುತ್ತಿರುವ ಪಾಠದ ಒಂದು ಹಳೇ ಪುಟ ನಮ್ಮ ಭಾಗದಲ್ಲೇ ಬರೆದಾಗಿದೆ.

ಪ್ರಬಂಧ ಬರೆಯುವ ಮುಂಚೆ ಒಂದು ಕೆಲಸ ಮಾಡು. ನಿಮ್ಮ ಕಾಲುವೆಯ ನೀರು ಬಳಕೆದಾರರ ಸಂಘದಲ್ಲಿ ಪಾಳಿಯ ಪಟ್ಟಿ ಇರುತ್ತದೆ, ಅದನ್ನು ಕೇಳಿ ನೋಡು. ನಿಮ್ಮ ತೂಬಿನ ಕೆಳಗೆ ಕೊನೆಯ ಹೊಲ ಯಾರದು ಅಂತ ಹುಡುಕು. ಅಪ್ಪನನ್ನೂ ಕರೆದುಕೊಂಡು ಅವರ ಪಾಳಿಯ ರಾತ್ರಿ ಅಲ್ಲಿಗೆ ಹೋಗು. ನೀರು ಎಷ್ಟು ಗಂಟೆಗೆ ಬಂತು, ಎಷ್ಟು ಬೆರಳು ಬಂತು ಅಂತ ಬರೆದುಕೋ. ಅಲ್ಲಿಂದ ಮೊದಲ ಸಾಲು ಶುರು ಮಾಡು. ಬರೆದ ಮೇಲೆ ನನಗೊಂದು ಪ್ರತಿ ಕಳಿಸು, ಅಪ್ಪ ಓದಿ ಏನಂದರು ಅನ್ನುವುದನ್ನೂ ತಪ್ಪದೆ ಬರಿ.